ಗೇರುಮರದ ಬಳಿಯ ಬ್ರೇಕು

ದೇವರಿಗೆ ದೀಪ ಹಚ್ಚಿ ಕೈಮುಗಿದ ಮೇಲೆ ದೇಯಿ ಮಾಡುವ ಮೊದಲ ಕೆಲಸವೆಂದರೆ ಮೊಬೈಲಿನ ಒಂದು ಆ್ಯಪಿನಲ್ಲಿ ನೆಕ್ಕರೆಪದವು ಎಂಬ ಗುಡ್ಡವನ್ನು ನೋಡುವುದು. ಗುಡ್ಡ ಬೆಟ್ಟ ಇಳಿಯುವ ಸೈಕಲ್ ಹುಡುಗರೆಲ್ಲ ಇಟ್ಟುಕೊಳ್ಳುವ ಆ್ಯಪು ಅದು. ಯಾವ ಇಳಿಜಾರನ್ನು ಯಾರು ಎಷ್ಟು ಬೇಗ ಇಳಿದರು ಎಂದು ಸಾಲಾಗಿ ಹೆಸರು ಬರೆದು ತೋರಿಸುತ್ತದೆ. ನೆಕ್ಕರೆಪದವಿನ ಸಾಲಿನಲ್ಲಿ ಎಲ್ಲರಿಗಿಂತ ಮೇಲೆ, ಪುಟ್ಟದೊಂದು ಹಳದಿ ಕಿರೀಟದ ಪಕ್ಕ, ಜಿತೇಶ್ ಎಂದಿರುತ್ತದೆ. ಸದ್ಯ, ಇದ್ದಾನೆ, ಎಂದುಕೊಂಡು ಅವಳು ಮೊಬೈಲನ್ನು ಬೈರಾಸಿನಿಂದ ಒರೆಸಿ ಫ್ರಿಡ್ಜಿನ ಮೇಲಿಟ್ಟು ಚಾಕ್ಕೆ ನೀರಿಡುತ್ತಾಳೆ.

ಜಿತೇಶ್ ಇಲ್ಲ. ಅವನು ಹೋಗಿ ಮೂರು ಮಳೆಗಾಲ ಕಳೆಯಿತು. ಎಂಥೆಂಥ ಬಂಡೆ, ಎಂಥೆಂಥ ಕೊರಕಲು ಇಳಿದ ಹುಡುಗ, ಕೊನೆಗೆ ನಂತೂರಿನಲ್ಲಿ, ಪೊಲೀಸಿನವನು ಕೈ ತೋರಿಸಿ ಬಿಡುವುದನ್ನೇ ಕಾಯುತ್ತ ಸ್ಕೂಟರಿನ ಮೇಲೆ ಸುಮ್ಮನೆ ಕುಳಿತಿದ್ದಾಗ ಹಿಂದಿನಿಂದ ಬಂದ ಲಾರಿಗೆ ಸಿಕ್ಕಿದ. ತಲೆಯ ಮೇಲೆ ಹೆಲ್ಮೆಟ್ ಇತ್ತು. ಹೆಲ್ಮೆಟ್ಟಿಗೆ ಒಂದು ಗೀರೂ ಆಗಿರಲಿಲ್ಲ. ಇಂಥದ್ದಕ್ಕೆ ಯಾರ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಹೇಳಿ! ಗಂಡ ಮೋಹನದಾಸ, ಮಗನ ಉತ್ತರಕ್ರಿಯೆಯ ಬೊಜ್ಜ ಮುಗಿದದ್ದೇ, ಮಸ್ಕತ್ತಿನ ವಿಮಾನ ಹತ್ತಿದ. ಅವನಿಗಾದರೂ ಅಲ್ಲೊಂದು ಡ್ಯೂಟಿ ಇತ್ತು. ದೇಯಿಗೆ ಇದ್ದದ್ದು ಕಾಟಿಪಳ್ಳದ ಈ ಮನೆ, ಮಗನ ಕೋಣೆ, ಆ ಕಿರೀಟ.

ಇಷ್ಟು ಸಣ್ಣದಕ್ಕೆ ಇಷ್ಟೊಂದು ಅಂಟಿಕೊಳ್ಳುವುದೇ ಎಂದು ನಗುವವರು ನಗಲಿ. ಅವಳ ತವರಿನವರು ಪಣಂಬೂರಿನ ಗದ್ದೆಯವರು. ಬಂದರು ಬರುತ್ತದೆಂದು ಊರಿಗೆ ಊರನ್ನೇ ಎಬ್ಬಿಸಿ ಕಾಟಿಪಳ್ಳಕ್ಕೆ ಸಾಗಿಸಿದಾಗ ಅವಳು ತಾಯಿಯ ಸೊಂಟದ ಮೇಲಿದ್ದಳು. ಹುಟ್ಟಿದ ಮನೆ ಎಲ್ಲಿತ್ತೆಂದು ತೋರಿಸಬೇಕಾದರೆ ಈಗ ಬಂದರಿನ ಗೋಡೆಯ ಹೊರಗೆ ನಿಂತು ಆಚೆಗೆ ಬೆರಳು ಮಾಡಬೇಕು. ಒಂದೊಂದು ಗದ್ದೆಗೂ ಒಂದೊಂದು ಹೆಸರಿತ್ತಂತೆ, ಬಾವಿಗೂ ಇತ್ತಂತೆ. ಯಾವುದೂ ಉಳಿಯಲಿಲ್ಲ. ಹಾಗೆ ಬೆಳೆದವಳಿಗೆ ಒಂದು ಗುಡ್ಡದ ಮೇಲೆ ಮಗನ ಹೆಸರು ಉಳಿದದ್ದು ಸಣ್ಣ ಸಂಗತಿಯಲ್ಲ.

ಆ ಹೆಸರು ಉಳಿದದ್ದೂ ತಾನಾಗಿ ಅಲ್ಲ. ಜಿತೇಶನ ಸ್ನೇಹಿತರಾದ ಪ್ರಾಪ್ತಿ, ಸಮದ್ ಪ್ರತಿ ಆದಿತ್ಯವಾರ ಬೆಳಿಗ್ಗೆ ಆ ಗುಡ್ಡಕ್ಕೆ ಹೋಗಿ, ಇಳಿದು, ಮೈಯೆಲ್ಲ ಕೆಂಪು ಧೂಳಾಗಿ ಇವಳ ಮನೆಗೆ ಬರುತ್ತಾರೆ. ಪ್ರಾಪ್ತಿ ಹಂಪನಕಟ್ಟೆಯ ಬ್ಯಾಂಕಿನಲ್ಲಿ ಕೆಲಸದವಳು. ಸಮದನಿಗೆ ಸುರತ್ಕಲ್ಲಿನಲ್ಲಿ ಸೈಕಲ್ ಅಂಗಡಿ. ಇಬ್ಬರಿಗೂ ದೇಯಿ ಅಕ್ಕಿಯುಂಡೆಯ ಪುಂಡಿ ಬೇಯಿಸಿ, ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿಟ್ಟು ಕಾಯುತ್ತಾಳೆ. ಹೀಗೊಂದು ಆದಿತ್ಯವಾರ ತಿನ್ನುತ್ತ ತಿನ್ನುತ್ತ ಪ್ರಾಪ್ತಿ ಬಾಯಿ ಜಾರಿ ಹೇಳಿಬಿಟ್ಟಳು.

"ಜಿತ್ತುವಿನ ಟೈಮ್ ದಾಟುದು ಬೇಡ ಅಂತ ನಾವು ಗೇರುಮರದ ಹತ್ರ ಬ್ರೇಕ್ ಹಿಡಿತೇವೆ ಅಮ್ಮ. ಮರವನ್ನೊಮ್ಮೆ ಮುಟ್ಟಿ ಮತ್ತೆ ಹೋಗುದು."

ಯಾರೂ ಕೂತು ಮಾತಾಡಿ ಮಾಡಿದ ನೇಮವಲ್ಲ. ಬೊಜ್ಜ ಕಳೆದ ಮೊದಲ ಆದಿತ್ಯವಾರ ಮುಂದಿದ್ದ ಸಮದ್ ಗೇರುಮರದ ಬುಡದಲ್ಲಿ ಕಾಲು ಕೊಟ್ಟು ನಿಂತನಂತೆ, ಹಿಂದೆ ಬಂದ ಪ್ರಾಪ್ತಿಯೂ ನಿಂತಳಂತೆ. ಅಲ್ಲಿಂದೀಚೆಗೆ ಅವರ ಗುಂಪಿನಲ್ಲಿ ಯಾರು ಹೊಸಬರು ಬಂದರೂ ಮೊದಲು ಹೇಳಿಕೊಡುವುದು ಅದನ್ನೇ. ದೇಯಿ ಅವತ್ತು ಪ್ರಾಪ್ತಿಯ ಬಟ್ಟಲಿಗೆ ಇನ್ನೊಂದು ಪುಂಡಿ ಹಾಕಿದಳು. ಆಮೇಲೆ ಪ್ರತಿ ವಾರ ಚಪ್ಪಲಿ ಬಿಡುವ ಮೊದಲೇ ಕೇಳುವ ಪ್ರಶ್ನೆ ಒಂದೇ ಆಯಿತು.

"ಗೇರುಮರದ ಹತ್ರ ನಿಂತಿರಾ?"

"ನಿಲ್ಲದೆ ಎಂತ ಅಮ್ಮ!" ಎನ್ನುತ್ತಿದ್ದ ಸಮದ್.

ಈ ಸಲ ಮಳೆ ಬಿಟ್ಟು ಮುಳಿಹುಲ್ಲು ಒಣಗತೊಡಗಿದ ಸಮಯದಲ್ಲಿ, ಒಂದು ಆದಿತ್ಯವಾರ ಅವರಿಬ್ಬರೂ ಹೊತ್ತು ಮೀರಿ ಬಂದರು. ಪುಂಡಿ ಆರಿ ಕಲ್ಲಾಗಿತ್ತು. ದೇಯಿ ಬಯ್ಯಲೆಂದು ಬಾಯಿ ತೆರೆದವಳ ಕಣ್ಣು ಸಮದನ ಅಂಗಿಯ ಮೇಲೆ ಬಿತ್ತು. ಧೂಳಿನ ಕೆಂಪಲ್ಲ ಅದು.

"ನಮ್ಮದಲ್ಲ," ಎಂದ ಸಮದ್. "ಮೋಕ್ಷಿತ್ ಅಂತ, ಕಾಲೇಜಿನ ಹುಡುಗ. ಕೋರೆಗೆ ಬಿದ್ದ."

ನೆಕ್ಕರೆಪದವಿನ ನೆತ್ತಿ ಅಂಗೈಯಷ್ಟು ಮಟ್ಟಸ. ಅಲ್ಲಿಂದ ಇಳಿಯುವ ದಾರಿ ಅರ್ಧಕ್ಕೆ ಬಂದಾಗ ಎರಡಾಗುತ್ತದೆ. ಎಡದ್ದು ಕೆಂಪುಕಲ್ಲು ಕಡಿದು ಗುಂಡಿಯಾದ ಹಳೆಯ ಕೋರೆಯ ಅಂಚಿನಲ್ಲೇ ನೆಟ್ಟಗೆ ಇಳಿಯುತ್ತದೆ. ಒಂದು ಚಕ್ರಕ್ಕೆ ಜಾಗವಿದ್ದರೆ ಇನ್ನೊಂದಕ್ಕೆ ಇಲ್ಲ, ಕೆಳಗೆ ಕಡಿದಿಟ್ಟ ಕಲ್ಲು, ಹಸಿರು ನೀರು. ಬಲದ್ದು ಸ್ವಲ್ಪ ಸುತ್ತು. ಮಧ್ಯದಲ್ಲಿ ಕಂದಕದಂಥ ಒಂದು ಅಗಳು, ಅದರ ಬದಿಗೆ ದನ ನುಗ್ಗದ ಹಾಗೆ ಜನ ಮಾತ್ರ ದಾಟುವ ತಡಮೆ. ಅದರ ಮೇಲಿಂದ ಸೈಕಲ್ ಹಾರಿಸಿ, ತಿರುವು ತಿರುಗಿ ಬರಬೇಕು. ಎರಡೂ ಕೂಡುವುದು ಗೇರುಮರದ ಮೇಲುಗಡೆ. ನಡುವಿನ ಅಂತರ ಎಷ್ಟು ಕಡಿಮೆಯೆಂದರೆ ಮೊಬೈಲಿನ ನಕಾಶೆಯಲ್ಲಿ ಎರಡೂ ಸೇರಿ ಒಂದೇ ಗೆರೆ. ಇವನ್ನೆಲ್ಲ ಜಿತೇಶ್ ಊಟದ ತಟ್ಟೆಯ ಮೇಲೆ ಬೆರಳಲ್ಲಿ ಗೆರೆ ಎಳೆದು ತಾಯಿಗೆ ವಿವರಿಸಿದ್ದ. ನಾನು ಹೋಗುವುದು ಬಲದಲ್ಲಿ, ಎಡದಲ್ಲಿ ಹುಚ್ಚರು ಹೋಗುತ್ತಾರೆ, ಎಂದಿದ್ದ.

"ಎಡದಲ್ಲಿ ಯಾಕೆ ಹೋದ ಆ ಹುಡುಗ?" ಎಂದಳು ದೇಯಿ. "ಕಣ್ಣು ಕಾಣುದಿಲ್ವಾ?"

ಸಮದ್ ಪ್ರಾಪ್ತಿಯನ್ನು ನೋಡಿದ. ಪ್ರಾಪ್ತಿ ನೆಲ ನೋಡಿದಳು.

"ಜಿತ್ತುವಿನ ಕಿರೀಟಕ್ಕೆ, ಅಮ್ಮ," ಎಂದಳು. "ಜಿತ್ತು ಎಡದಲ್ಲಿ ಹೋದದ್ದು ಅಂತ ಎಲ್ಲ ಕಡೆ ಸುದ್ದಿ. ಉಡುಪಿ, ಕಾಸರಗೋಡು, ಎಲ್ಲಿಂದೆಲ್ಲ ಬರ್ತಾರೆ. ಮಳೆಗಾಲಕ್ಕೆ ಮೊದಲು ಒಬ್ಬನ ಕೈ ಮುರಿದಿತ್ತು. ನಿಮಗೆ ಹೇಳ್ಲಿಲ್ಲ."

"ಅವನು ಹೋದದ್ದು ಬಲದಲ್ಲಿ!"

"ನನಗೆ ಗೊತ್ತಿಲ್ವಾ? ಅವತ್ತು ಅವನ ಹಿಂದೆಯೇ ಇದ್ದದ್ದು ನಾನು. ಹೇಳಿದ್ರೆ ಯಾರೂ ನಂಬುದಿಲ್ಲ. ಬಲದಲ್ಲಿ ಅಷ್ಟು ಬೇಗ ಆಗುದಾದ್ರೆ ನೀವು ವಾರ ವಾರ ಇಳಿಯುವವರು ಯಾಕೆ ಮಾಡ್ಲಿಲ್ಲ ಅಂತ ಕೇಳ್ತಾರೆ." ಪ್ರಾಪ್ತಿ ಮುಖ ಎತ್ತಿದಳು. "ಎಂತ ಹೇಳುದು ಅವರಿಗೆ? ನಾವು ಗೇರುಮರದ ಹತ್ರ ನಿಲ್ತೇವೆ ಅಂತ ಹೇಳುದಾ? ಮೂರು ವರ್ಷ ಬಲದಲ್ಲಿ ಇಳಿದವರೆಲ್ಲ ನಿಧಾನ. ಹಾಗಾಗಿ ಎಡದಲ್ಲೇ ಹೋಗ್ಬೇಕು ಅಂತ ಆಯ್ತು. ನಾವೇ ಮಾಡಿದ್ದು ಅಮ್ಮ ಇದು. ಪ್ರೀತಿಯಿಂದ ಮಾಡಿದ್ದು."

ದೇಯಿ ಕುರ್ಚಿ ಎಳೆದು ಕುಳಿತಳು. ಮುಂದಿನದ್ದನ್ನು ಸಮದ್ ಮೆಲ್ಲಗೆ ಹೇಳಿದ. ಆ ದಾರಿಯನ್ನು ಆ್ಯಪಿನಿಂದಲೇ ಅಳಿಸಿಹಾಕಬಹುದು, ಆದರೆ ಅಳಿಸಿದರೆ ನಾಳೆ ಇನ್ಯಾರೋ ಪುನಃ ಗುರುತು ಹಾಕುತ್ತಾರೆ, ಎಡದ ಕತೆ ಇನ್ನೂ ಬೆಳೆಯುತ್ತದೆ. ಇರುವುದು ಒಂದೇ ಉಪಾಯ. ಯಾರಾದರೂ ಒಬ್ಬರು ಬಲದ ದಾರಿಯಲ್ಲಿ, ಎಲ್ಲರೂ ನೋಡುವ ಹಾಗೆ, ಜಿತೇಶನಿಗಿಂತ ಬೇಗ ಇಳಿಯಬೇಕು. ಆಗ ಎಡದ ಹುಚ್ಚು ತಾನಾಗಿ ಇಳಿಯುತ್ತದೆ. ಅದು ಆಗುವುದು ಪ್ರಾಪ್ತಿಯಿಂದ ಮಾತ್ರ.

"ಜಿತ್ತು ಇರುವಾಗಲೇ ಬೇರೆ ಗುಡ್ಡಗಳಲ್ಲಿ ಅವನಿಗಿಂತ ಇವಳು ಫಾಸ್ಟ್," ಎಂದ. "ನೀವು ಹೂಂ ಅಂದ್ರೆ ಮಾತ್ರ, ಅಮ್ಮ."

ಹೂಂ ಅನ್ನುವುದೇ! ದೇಯಿ ಎದ್ದು ನಿಂತಳು.

"ಯಾವನೋ ಹೋಗಿ ಗುಂಡಿಗೆ ಬಿದ್ರೆ ನನ್ನ ಮಗನನ್ನು ಕೆಳಗೆ ಇಳಿಸುದಾ? ನಂತೂರಿನಲ್ಲಿ ಒಮ್ಮೆ ಹೋದದ್ದು ಸಾಕಾಗ್ಲಿಲ್ವಾ ಅವನು? ಅವನದ್ದು ಅಂತ ಇರುದೇ ಅದೊಂದು. ಇನ್ನೊಮ್ಮೆ ಈ ಮಾತು ಎತ್ತುದಾದ್ರೆ ಈ ಮೆಟ್ಟಿಲು ಹತ್ಬೇಡಿ!"

ಅವರು ಹೋದ ಮೇಲೆ ಪುಂಡಿಯನ್ನೆಲ್ಲ ಬಾಚಿ ಕಾಗೆಗೆ ಹಾಕಿದಳು. ಸಿಟ್ಟು ಇಳಿಯಲಿಲ್ಲ. ಮಸ್ಕತ್ತಿನಿಂದ ಫೋನು ಬಂದಾಗ ಗಂಡನ ಮೇಲೆ ಸುಮ್ಮಸುಮ್ಮನೆ ಹಾರಾಡಿದಳು. ಅವನು ಎಲ್ಲ ಕೇಳಿ, "ಆ ಹುಡುಗನಿಗೆ ಈಗ ಹೇಗುಂಟು?" ಎಂದು ಮಾತ್ರ ಕೇಳಿದ. ಅವಳಿಗೆ ಗೊತ್ತಿರಲಿಲ್ಲ. ಕೇಳಿಯೇ ಇರಲಿಲ್ಲ.

ಮರುದಿನ ಅವಳು ಬಸ್ಸು ಹತ್ತಿ ಮಂಗಳೂರಿನ ಆಸ್ಪತ್ರೆಗೆ ಹೋದಳು. ಕರುಣೆಯಿಂದ ಹೋದಳೆಂದು ತಿಳಿಯಬೇಡಿ. ತಪ್ಪೆಲ್ಲ ಆ ಹುಡುಗನದ್ದೇ, ಅವನು ಉಡಾಳ, ಹೇಳಿದ ಮಾತು ಕೇಳದವನು ಎಂದು ಕಣ್ಣಾರೆ ಕಂಡು ಬಂದರೆ ರಾತ್ರಿ ನಿದ್ದೆಯಾದರೂ ಬರುತ್ತದಲ್ಲ ಎಂಬ ಆಸೆ. ಕೈಯಲ್ಲಿ ನಾಲ್ಕು ಮೂಸಂಬಿ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಾಗ ಕಂಡದ್ದು ಬೇರೆಯೇ. ಮೀಸೆ ಸರಿಯಾಗಿ ಮೂಡದ ಹುಡುಗ ಅಂಗಾತ ಮಲಗಿದ್ದ. ಕಾಲ ಬುಡದಲ್ಲಿ ಕುಳಿತ ಅವನ ತಾಯಿ, ಇವಳಿಗಿಂತ ಸಣ್ಣ ಪ್ರಾಯದವಳು, ಮಗನ ಪಾದ ತಿಕ್ಕುತ್ತಿದ್ದಳು. ತಿಕ್ಕುವುದು, ಮುಖ ನೋಡುವುದು, ಪುನಃ ತಿಕ್ಕುವುದು. ಹುಡುಗ ಮೇಲೆ ತಿರುಗುವ ಫ್ಯಾನು ನೋಡುತ್ತಿದ್ದ. ತಾಯಿ ಕಾಲು ತಿಕ್ಕುತ್ತಿದ್ದಾಳೆಂದು ಅವನಿಗೆ ಗೊತ್ತೇ ಇರಲಿಲ್ಲ.

"ನೀವು?" ಎಂದಳು ಆ ತಾಯಿ.

"ಜಿತೇಶನ ಅಮ್ಮ," ಎಂದಳು ದೇಯಿ. ಸುಳ್ಳು ಹೇಳಬೇಕೆಂದುಕೊಂಡೇ ಬಂದಿದ್ದಳು, ಬಾಯಿಗೆ ಬರಲಿಲ್ಲ.

ತಾಯಿಗೆ ಆ ಹೆಸರು ತಿಳಿಯದು. ಹುಡುಗನ ಮುಖವೋ, ದೀಪ ಹಚ್ಚಿದ ಹಾಗಾಯಿತು. "ನೆಕ್ಕರೆಪದವಿನ ಜಿತೇಶಣ್ಣನ ಅಮ್ಮನಾ? ಅಮ್ಮ, ಇವರಿಗೆ ಕುರ್ಚಿ ಕೊಡಿ!" ಎಂದ. ಬಗ್ಗಿ ನಮಸ್ಕಾರ ಮಾಡಲಾಗದ್ದಕ್ಕೆ ಎರಡೂ ಕೈ ಜೋಡಿಸಿದ. ದೇಯಿಗೆ ಆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ.

"ಮಗಾ, ಅವನು ಎಡದಲ್ಲಿ ಹೋದದ್ದಲ್ಲ," ಎಂದಳು. "ಬಲದಲ್ಲಿ ಹೋದದ್ದು. ನನ್ನ ಹತ್ರ ಅವನೇ ಹೇಳಿದ್ದು."

ಹುಡುಗ ನಕ್ಕ. ತಿಳಿಯದವರ ಮೇಲೆ ಮರುಕಪಟ್ಟು ನಗುವ ನಗು. "ನಿಮಗೆ ಹಾಗೆ ಹೇಳಿರ್ತಾರೆ ಆಂಟಿ. ಅಮ್ಮನ ಹತ್ರ ಯಾರಾದ್ರೂ ಎಡ ಅಂತ ಹೇಳ್ತಾರಾ? ನಾನೂ ಬಲದಲ್ಲಿ ಹೋಗ್ತೇನೆ ಅಂತ ಹೇಳಿಯೇ ಹೋದದ್ದು."

ಪಾದ ತಿಕ್ಕುತ್ತಿದ್ದ ಕೈ ನಿಂತಿತು. ಆ ತಾಯಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

"ಕಾಲು ಸರಿಯಾದ ಮೇಲೆ ಪುನಃ ಟ್ರೈ ಮಾಡ್ತೇನೆ," ಎಂದ ಮೋಕ್ಷಿತ್. "ಅಷ್ಟರವರೆಗೆ ಈ ಇಬ್ಬರು ಆ ಕಿರೀಟವನ್ನು ಬಿಡುದಿಲ್ಲ ಅಂತೆ." ಕಿಟಕಿಯ ಬಳಿ ನಿಂತಿದ್ದ ಅವನ ಇಬ್ಬರು ಸ್ನೇಹಿತರು ನಾಚಿಕೊಂಡು ತಲೆ ಆಡಿಸಿದರು. ಅವರಲ್ಲೊಬ್ಬ, "ಬರುವ ಆದಿತ್ಯವಾರ ಇವನ ಲೆಕ್ಕದಲ್ಲಿ ನಾವು ಇಳಿತೇವೆ ಆಂಟಿ. ಎಡದಲ್ಲೇ. ಕಿರೀಟ ತಂದು ಇವನಿಗೆ ಕೊಡ್ತೇವೆ," ಎಂದ. ಎಷ್ಟು ಒಳ್ಳೆಯ ಮಕ್ಕಳು ನೋಡಿ! ಒಳ್ಳೆಯವರಾಗಿದ್ದದ್ದಕ್ಕೇ ದೇಯಿಗೆ ಹೆದರಿಕೆಯಾಯಿತು. ತನ್ನ ಮನೆಯಲ್ಲಿ ಪುಂಡಿ ತಿನ್ನುವವರೂ ಒಳ್ಳೆಯವರೇ ಅಲ್ಲವೇ?

ಆಸ್ಪತ್ರೆಯ ಗೇಟಿನ ಹೊರಗೆ ನಿಂತು ಅವಳು ಪ್ರಾಪ್ತಿಗೆ ಫೋನು ಮಾಡಿದಳು. ಅತ್ತ ಇತ್ತ ಆಟೋಗಳ ಗದ್ದಲ, ಕೂಗಿಯೇ ಹೇಳಬೇಕಾಯಿತು.

"ಆದಿತ್ಯವಾರ ನೀನು ಬ್ರೇಕ್ ಹಿಡಿಬಾರದು. ಕೇಳ್ತಾ ಉಂಟಾ?"

ಆ ಕಡೆಯಿಂದ ಅಳು ಕೇಳಿತು. "ನನ್ನಿಂದ ಆಗ್ಲಿಕ್ಕಿಲ್ಲ ಅಮ್ಮ. ಆ ಮರ ಬಂದ ಕೂಡ್ಲೇ ಕೈ ತಾನಾಗಿ ಹಿಡಿತದೆ."

"ಹಾಗಾದ್ರೆ ಮರದ ಹತ್ರ ನಾನು ನಿಲ್ತೇನೆ," ಎಂದಳು ದೇಯಿ.

ಆದಿತ್ಯವಾರ ಸಮದ್ ಅವಳನ್ನು ಕಾರಿನಲ್ಲಿ ಕರೆದೊಯ್ದ. ಮಗ ಎಷ್ಟೋ ಸಲ ಕರೆದಿದ್ದ, ಒಮ್ಮೆಯೂ ಬಂದವಳಲ್ಲ. ಬಿಸಿಲಿಗೆ ಮಂಡಿ ಹಿಡಿದುಕೊಂಡು, ಏದುಸಿರು ಬಿಡುತ್ತ ಹತ್ತಿದಳು. ದಾರಿ ಎರಡಾಗುವಲ್ಲಿ ಸಮದ್ ಬೇಡವೆಂದರೂ ಕೇಳದೆ ಎಡಕ್ಕೆ ನಾಲ್ಕು ಹೆಜ್ಜೆ ಹೋಗಿ ಕೋರೆಯೊಳಗೆ ಇಣುಕಿದಳು. ಕೆಳಗೆ ಹಸಿರು ನೀರಿನ ಪಕ್ಕ ಒಂದು ನೀಲಿ ಶೂ ಬಿದ್ದಿತ್ತು. ಯಾರೂ ಅದನ್ನು ಎತ್ತಿರಲಿಲ್ಲ. ಅವಳು ಗಟ್ಟಿಯಾಗಿ ಸಮದನ ತೋಳು ಹಿಡಿದುಕೊಂಡು ಹಿಂದೆ ಬಂದಳು.

ಮೋಕ್ಷಿತನ ಆ ಇಬ್ಬರು ಸ್ನೇಹಿತರೂ ಸೈಕಲ್ ಹಿಡಿದು ಅಲ್ಲಿ ನಿಂತಿದ್ದರು. "ಸ್ವಲ್ಪ ತಾಳಿ ಮಾರಾಯ್ರೇ. ಮೊದಲು ಪ್ರಾಪ್ತಿ ಮೇಲಿಂದ ಇಳಿಯುದನ್ನು ನೋಡಿ. ಮತ್ತೆ ಬೇಕಾದ್ದು ಮಾಡಿ," ಎಂದು ಸಮದ್ ಅವರನ್ನು ತಡೆದ. ಅವರು ಒಪ್ಪಿದರು, ಒಬ್ಬ ಮೊಬೈಲು ತೆಗೆದು ವಿಡಿಯೋ ಮಾಡಲು ಸಿದ್ಧನಾದ. ದೇಯಿ ಅವರನ್ನು ಅಲ್ಲೇ ಬಿಟ್ಟು, ಕಾಲುದಾರಿಯ ಬದಿ ಹಿಡಿದು ಗೇರುಮರದ ಬುಡಕ್ಕೆ ಇಳಿದಳು. ಕಾಂಡದ ಮೇಲೆ, ಎದೆಯೆತ್ತರದಲ್ಲಿ, ಒಂದು ಜಾಗ ನುಣುಪಾಗಿ ಹೊಳೆಯುತ್ತಿತ್ತು. ಕೈಗಳು ಮುಟ್ಟಿ ಮುಟ್ಟಿ ಸವೆದ ಜಾಗ. ಅವಳೂ ಅಲ್ಲಿ ಕೈಯಿಟ್ಟಳು.

ಮೊದಲು ಸದ್ದು ಬಂತು. ಕಲ್ಲಿನ ಮೇಲೆ ಚಕ್ರ ಕಟಕಟನೆ ಉರುಳುವ ಸದ್ದು. ತಡಮೆಯ ಬಳಿ ಅದು ಒಮ್ಮೆಲೇ ನಿಂತು, ಪ್ರಾಪ್ತಿ ಸೈಕಲ್ ಸಮೇತ ಗಾಳಿಯಲ್ಲಿ ಕಂಡಳು. ಹೀಗೇ ಇರಬೇಕು ಅವನೂ ಬರುತ್ತಿದ್ದದ್ದು, ಎಂದುಕೊಂಡಳು ದೇಯಿ. ಸೈಕಲ್ ಇಳಿಜಾರಿಗೆ ಬಡಿದು ಕೂತು, ತಿರುವು ತಿರುಗಿ ನೇರ ಮರದ ಕಡೆಗೇ ಬಂತು. ಹಿಡಿಕೆಯ ಮೇಲೆ ಎರಡು ಬೆರಳು ಚಾಚಿಕೊಂಡದ್ದು ಕಂಡಿತು. ಬ್ರೇಕು ಹಿಡಿಯುವ ಬೆರಳು.

ಕೂಗಬೇಕು. ಅದಕ್ಕೆಂದೇ ಬಂದದ್ದು. ಆದರೆ ಹಿಡಿ ಮಗಳೇ, ಹಿಡಿ, ನಿಲ್ಲು, ಎಂದು ಹೊಟ್ಟೆಯೊಳಗಿಂದ ಯಾರೋ ಬೇಡಿಕೊಳ್ಳುತ್ತಿದ್ದರು. ಇನ್ನೊಂದು ವಾರ ಇರಲಿ ಅವನು. ಇನ್ನೊಂದೇ ವಾರ. ಪ್ರಾಪ್ತಿಯ ಕಣ್ಣು ಇವಳ ಮುಖದ ಮೇಲೆಯೇ ಇತ್ತು, ಹೂಂ ಅನ್ನುತ್ತೀರಾ ಬೇಡ ಅನ್ನುತ್ತೀರಾ ಎಂದು ಕೊನೆಯ ಸಲ ಕೇಳುವ ಹಾಗೆ.

"ಹೋಗು!" ಎಂದು ಕಿರುಚಿದಳು ದೇಯಿ. "ನಿಲ್ಲಬೇಡ! ಹೋಗು ಮಾರಾಯ್ತಿ, ಹೋಗು!"

ಗಾಳಿ ಅವಳ ಸೀರೆಯನ್ನು ಎಳೆದು ಬಿಟ್ಟಿತು. ಧೂಳು ಇಳಿದಾಗ ದಾರಿ ಖಾಲಿ.

ಅವಳು ಕೆಳಗಿನ ಡಾಮರು ರಸ್ತೆ ಮುಟ್ಟುವ ಹೊತ್ತಿಗೆ ಪ್ರಾಪ್ತಿ ಸೈಕಲನ್ನು ಚರಂಡಿಯ ಪಕ್ಕ ಒರಗಿಸಿ, ಹೆಲ್ಮೆಟ್ ತೆಗೆಯದೆ, ಮೊಣಕಾಲಿಗೆ ಮುಖ ಒತ್ತಿ ಕುಳಿತಿದ್ದಳು. ಮೊಬೈಲನ್ನು ಯಾರಿಗೂ ತೋರಿಸಲು ಒಲ್ಲಳು. ದೇಯಿಯೇ ಅವಳ ಕೈಯಿಂದ ಬಿಡಿಸಿಕೊಂಡು ನೋಡಿದಳು. ಕಿರೀಟದ ಪಕ್ಕ ಪ್ರಾಪ್ತಿ. ಕೆಳಗಿನ ಸಾಲಿನಲ್ಲಿ, ಕಿರೀಟವಿಲ್ಲದೆ, ಜಿತೇಶ್. ಅಂಗಿ ಕಳಚಿ ಬರಿಮೈಯಲ್ಲಿ ನಿಲ್ಲಿಸಿದ ಮಗುವಿನ ಹಾಗೆ ಕಂಡಿತು ಆ ಹೆಸರು.

ಮೋಕ್ಷಿತನ ಸ್ನೇಹಿತರು ಸೈಕಲ್ ನೂಕಿಕೊಂಡು, ನಡೆದೇ ಇಳಿದು ಬಂದರು. ಒಬ್ಬ ವಿಡಿಯೋವನ್ನು ಪುನಃ ಪುನಃ ಹಿಂದೆ ಸರಿಸಿ ನೋಡುತ್ತಿದ್ದ.

"ಬಲದಲ್ಲೇ ಆಗ್ತದಲ್ಲ ಮಾರಾಯ," ಎಂದ ಕೊನೆಗೆ. ಇನ್ನೊಬ್ಬ ಗುಡ್ಡದ ಕಡೆ ನೋಡಿದ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದ: "ಇದನ್ನು ಮೋಕ್ಷಿತನಿಗೆ ಹೇಳುದು ಹೇಗೆ?"

ದೇಯಿ ರಸ್ತೆಯ ಬದಿಯಲ್ಲಿ ಪ್ರಾಪ್ತಿಯ ಪಕ್ಕ ಕುಳಿತು ಅವಳ ಬೆನ್ನ ಮೇಲೆ ಕೈಯಿಟ್ಟಳು. ಅವರಿಬ್ಬರೂ ಅತ್ತರು, ಬೇರೆ ಬೇರೆ ಕಾರಣಕ್ಕೋ ಒಂದೇ ಕಾರಣಕ್ಕೋ ಗೊತ್ತಿಲ್ಲ.

ಆ ವಿಡಿಯೋ ಊರೂರು ಸುತ್ತಿತು. ತಡಮೆಯ ಮೇಲಿಂದ ಸೈಕಲ್ ಹಾರಿಸುವುದು ಹೇಗೆಂದು ತಿಳಿದ ಮೇಲೆ ಎಡಕ್ಕೆ ಹೋಗುವವರಿಲ್ಲ. ಕೋರೆಯ ಅಂಚಿನಲ್ಲಿ ಮುಳಿಹುಲ್ಲು ಎದ್ದು ದಾರಿ ಮುಚ್ಚುತ್ತ ಬಂದಿದೆಯೆಂದು ಸಮದ್ ಹೇಳುತ್ತಾನೆ. ಆದಿತ್ಯವಾರಗಳಲ್ಲಿ ಅವರು ಈಗಲೂ ಬರುತ್ತಾರೆ, ದೇಯಿ ಈಗಲೂ ಪುಂಡಿ ಮಾಡುತ್ತಾಳೆ. ಗೇರುಮರದ ಹತ್ತಿರ ನಿಂತಿರಾ ಎಂದು ಕೇಳುವುದಿಲ್ಲ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಮೋಕ್ಷಿತನ ಮನೆಗೆ ಹೋಗಿ ಬರುತ್ತಾಳೆ. ಅವನಿಗೆ ಈಗ ಗೇರುಮರದ ಬ್ರೇಕು, ಬಲದ ದಾರಿ ಎಲ್ಲ ಗೊತ್ತು. ಮೊದಲಿನ ಹಾಗೆ ಕುರ್ಚಿ ಕೊಡಿ ಎನ್ನುವುದಿಲ್ಲ. ಇವಳು ಬಂದಾಗ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ. ದೇಯಿ ಅವನ ತಾಯಿಯೊಡನೆ ಕುಳಿತು ಚಾ ಕುಡಿದು ಏಳುತ್ತಾಳೆ.

ಬೆಳಿಗ್ಗೆ ದೀಪ ಹಚ್ಚಿದ ಮೇಲೆ ಮೊಬೈಲು ತೆಗೆಯುವುದನ್ನು ಮಾತ್ರ ಬಿಡಲಾಗಿಲ್ಲ. ಬಲದಲ್ಲಿ ಇಳಿಯುವವರು ಹೆಚ್ಚಿದ ಹಾಗೆ ಹೆಸರುಗಳು ಮೇಲೆ ಬಂದು ಕೂರುತ್ತವೆ, ಜಿತೇಶ್ ಒಂದೊಂದೇ ಸಾಲು ಕೆಳಗೆ ಹೋಗುತ್ತಾನೆ. ಅವನು ಕೆಳಗೆ ಹೋದಷ್ಟೂ ಅಷ್ಟು ತಾಯಂದಿರ ಮಕ್ಕಳು ಕೈಕಾಲು ನೆಟ್ಟಗೆ ಮನೆ ಸೇರಿದರು ಎಂದು ಸಮಾಧಾನ ಮಾಡಿಕೊಳ್ಳಲು ನೋಡುತ್ತಾಳೆ. ಸಮಾಧಾನವಾಗುವುದಿಲ್ಲ. ಈಗ ಅವನು ಸಿಗಬೇಕಾದರೆ ಹೆಬ್ಬೆರಳಿನಿಂದ ಹೆಸರುಗಳನ್ನು ಮೇಲೆ ತಳ್ಳುತ್ತ, ತಳ್ಳುತ್ತ ಹುಡುಕಬೇಕು. ಸಿಕ್ಕಿದ ಮೇಲೆ ಪರದೆ ಕಪ್ಪಾಗದಂತೆ ಬೆರಳನ್ನು ಅಲ್ಲೇ ಒತ್ತಿ ಹಿಡಿದು, ಒಲೆಯ ಮೇಲೆ ಚಾದ ನೀರು ಕುದಿದು ಬತ್ತುವವರೆಗೂ ಹಾಗೆಯೇ ನಿಂತಿರುತ್ತಾಳೆ.